ಸಾಗವಾನಿ ಹಾಸಿನ ದೋಣಿ

ಆನೆಗೊಂದಿಯ ಅಮರಪ್ಪ ಹಾಯಿದೋಣಿ ಕೊಳ್ಳಲು ಹೊರಟಿದ್ದಾನೆ ಎಂಬ ಸುದ್ದಿ ಕೇಳಿ ಊರಲ್ಲಿ ಯಾರೂ ನಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅಮರಪ್ಪ ಬಾಳೆ, ಭತ್ತ ಬೆಳೆದುಕೊಂಡಿದ್ದ ಒಕ್ಕಲುತನದ ಮನುಷ್ಯ. ನೀರೆಂದರೆ ಅವನಿಗೆ ಮೊದಲಿನಿಂದಲೂ ಅಂಜಿಕೆ. ಆಚೆ ದಂಡೆಗೆ ಹೋಗಲೇಬೇಕಾದರೆ ಹರಗೋಲಿನ ನಟ್ಟನಡುವೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ದಂಡೆ ತಾಕಿದ ಮೇಲೇ ಬಿಡುತ್ತಿದ್ದ. ಅಂಥವನು ದೋಣಿ ತರುತ್ತಾನೆಂದರೆ ಯಾಕೆಂಬುದು ಎಲ್ಲರಿಗೂ ಗೊತ್ತಿತ್ತು.

ಹಿಂದಿನ ಶ್ರಾವಣದಲ್ಲಿ ಅವನ ಒಬ್ಬಳೇ ಮಗಳು ಶಿವಬಸಮ್ಮ ತೀರಿಕೊಂಡಿದ್ದಳು.

ಮರಳಿ ಎಂಬ ಊರಿಗೆ ಕೊಟ್ಟ ಹುಡುಗಿ. ಚೊಚ್ಚಲ ಬಸುರಿ. ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೇನೆ ಶುರುವಾಗಿ ಒಂದು ಹಗಲು, ಒಂದು ಇರುಳು ಕಳೆದರೂ ಕೂಸು ಬರಲಿಲ್ಲ. ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಾಡಿಸಿ, ಮುಖ ಸಣ್ಣದು ಮಾಡಿಕೊಂಡು, "ಕೂಸು ಅಡ್ಡ ಮಲಗೇತಿ. ಇದು ನನ್ನ ಕೈಲೆ ಆಗೂದಲ್ಲ. ಹೊಸಪೇಟಿ ಡಾಕ್ಟರಮ್ಮನ ಕಡೆ ಒಯ್ರಿ" ಎಂದಳು. ಹೊಸಪೇಟೆ ಹೊಳೆಯ ಆಚೆಗೆ, ಇಂಗ್ರೇಜಿ ಸೀಮೆಯಲ್ಲಿ. ಆನೆಗೊಂದಿ ಈಚೆಗೆ, ನಿಜಾಮನ ಸೀಮೆಯಲ್ಲಿ. ನಡುವೆ ತುಂಗಭದ್ರೆ ದಂಡೆ ಮೀರಿ ಹರಿಯುತ್ತಿದ್ದಳು.

ಬೆಳಗಿನ ಜಾವ ಕಳೆದು ಬೆಳಕು ಬಿಟ್ಟ ಕೂಡಲೇ ಹರಗೋಲು ಹೂಡಿಸಿದರು. ನಡೆಸಿದವನು ಅಂಬಿಗರ ಹನಮಪ್ಪ. ಅವನಿಗಿಂತ ಹೊಳೆ ಬಲ್ಲವರು ಆ ಗಡಿಯಲ್ಲಿ ಇರಲಿಲ್ಲ. ಆದರೆ ಹರಗೋಲು ಹರಗೋಲೇ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದಂಥದು. ಅದರಲ್ಲಿ ಕೂಡಬಹುದು, ಮಲಗಲಿಕ್ಕಾಗದು. ಶಿವಬಸಮ್ಮನನ್ನು ತಾಯಿ ವಿರೂಪಾಕ್ಷಮ್ಮನ ಎದೆಗೆ ಒರಗಿಸಿ, ಮೊಣಕಾಲು ಮಡಚಿಸಿ ಕೂಡಿಸಿದರು. ತಳದಲ್ಲಿ ನೀರು ನಿಂತಿತ್ತು. ಸೆಳವಿಗೆ ಸಿಕ್ಕ ಹರಗೋಲು ಗಿರಿಗಿರಿ ತಿರುಗುತ್ತ ಕೆಳಕ್ಕೆ ಕೆಳಕ್ಕೆ ಹೋಯಿತು.

"ಅವ್ವಾ, ಕಾಲು ಚಾಚಬೇಕಬೇ" ಎಂದಳು ಶಿವಬಸಮ್ಮ.

"ತಡಿ ನನ್ನವ್ವ. ದಂಡಿ ಬಂತು."

"ಒಂದೀಟು ಕಾಲು ಚಾಚ್ತೀನಬೇ."

ಎದುರಿಗೆ ಕೂತಿದ್ದ ಅಮರಪ್ಪ ತನ್ನ ಮೈಯನ್ನೇ ಕುಗ್ಗಿಸಿ, ಹಿಂದೆ ಸರಿದು, ಮಗಳ ಪಾದಗಳಿಗೆ ಜಾಗ ಮಾಡಲು ನೋಡಿದ. ಹರಗೋಲು ವಾಲಿತು. "ಧಣ್ಯಾರ, ಹಂದಬ್ಯಾಡ್ರೀ!" ಎಂದು ಹನಮಪ್ಪ ಕೂಗಿದ. ಅಮರಪ್ಪ ಹಾಗೇ ಕಲ್ಲಾಗಿ ಕೂತ. ಆಚೆ ದಂಡೆ ಸಿಕ್ಕಾಗ ಹರಗೋಲು ನಿಲ್ಲುವ ಘಟ್ಟ ಬಿಟ್ಟು ಬಹಳ ಕೆಳಗೆ, ಹೆಬ್ಬಂಡೆಗಳ ಸಂದಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಶಿವಬಸಮ್ಮನ ಉಸಿರು ಇರಲಿಲ್ಲ. ವಿರೂಪಾಕ್ಷಮ್ಮ ಮಗಳನ್ನು ಮರಳಿನ ಮೇಲೆ ಮಲಗಿಸಿ ಎರಡೂ ಕಾಲುಗಳನ್ನು ನೀಟಾಗಿ ಚಾಚಿಸಿದಳು.

ಆಮೇಲೆ ಗಂಡಹೆಂಡಿರ ನಡುವೆ ಮಾತು ನಿಂತಂತಾಯಿತು. ಊಟಕ್ಕೆ ಕರೆಯುವುದು, ದನಕ್ಕೆ ಮೇವು ಹಾಕಿದೆಯಾ ಎಂದು ಕೇಳುವುದು, ಇಷ್ಟೇ. ಮಗಳ ಹೆಸರು ಇಬ್ಬರೂ ಎತ್ತಲಿಲ್ಲ. ದೀಪಾವಳಿ ಕಳೆದ ಮೇಲೆ ಅಳಿಯ ಮರುಮದುವೆಯಾದ. ಆ ಸುದ್ದಿ ತಂದವರಿಗೆ ವಿರೂಪಾಕ್ಷಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು.

ಮಾಘದಲ್ಲಿ ಹನಮಪ್ಪ ಒಂದು ವರ್ತಮಾನ ತಂದ. ಮೇಲುಗಡೆ, ಕೊಪ್ಪಳದ ಸೀಮೆಯಲ್ಲಿ, ಹೊಳೆಗೆ ಅಡ್ಡಗಟ್ಟು ಕಟ್ಟುವ ಮಾತು ಬಹಳ ವರ್ಷದಿಂದ ನಡೆದಿತ್ತಲ್ಲ, ಅದರ ಅಳತೆಗೆಂದು ಬಂದವರಿಗೆ ಸಾಮಾನು ಸಾಗಿಸುತ್ತಿದ್ದ ಒಬ್ಬ ಗುತ್ತಿಗೆದಾರ ಡೇರೆ ಕಿತ್ತು ಹೊರಟಿದ್ದಾನೆ. ಅವನು ಪಡುವಣ ಸಮುದ್ರದ ಕಡೆಯಿಂದ ರೈಲಿನಲ್ಲಿ ತರಿಸಿದ್ದ ಎರಡು ಹಾಯಿದೋಣಿ ಮಾರಾಟಕ್ಕಿವೆ.

"ಅದರಾಗ ಮಂದಿ ಮಲಗಬೌದೇನು?" ಎಂದು ಅಮರಪ್ಪ ಕೇಳಿದ.

ಹನಮಪ್ಪ ತಲೆ ತಗ್ಗಿಸಿದ. "ಮಲಗಬೌದ್ರಿ ಧಣ್ಯಾರ. ಮ್ಯಾಲ ಹಲಗಿ ಹಾಸ್ಯಾರ. ನಮ್ಮನಿ ಕಟ್ಟಿ ಇದ್ದಂಗೈತಿ."

"ನಾಳೆ ಹೋಗೂಣು."

ಒಳಗಿನಿಂದ ವಿರೂಪಾಕ್ಷಮ್ಮ ಬಂದು ಹೊಸ್ತಿಲಲ್ಲಿ ನಿಂತಳು. "ನಾನೂ ಬರ್ತೀನ್ರಿ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ಆಡಿದ ಮಾತು ಅದು.

ಡೇರೆ ಇದ್ದ ಜಾಗ ಹೊಳೆಯ ಅಗಲವಾದ ಮಡುವು. ಎರಡು ದೋಣಿಗಳನ್ನೂ ದಂಡೆಗೆ ಕಟ್ಟಿದ್ದರು. ಉಸ್ತುವಾರಿಗೆ ನೂರಸಾಬ ಎಂಬ ದಾಸ್ತಾನಿನ ಕಾರಕೂನ ಇದ್ದ. ರಾಯಚೂರಿನ ಕಡೆಯವನು, ಹಣೆಯ ಮೇಲೆ ನಮಾಜಿನ ಗುರುತಿದ್ದ ಸೌಮ್ಯ ಮನುಷ್ಯ. "ಬರ್ರಿ, ಆರಾಮ ನೋಡ್ರಿ. ತಗೊಳ್ಳಾಕ ಜಲ್ದಿ ಮಾಡಬ್ಯಾಡ್ರಿ" ಎಂದ.

ಎರಡೂ ಒಂದೇ ಅಳತೆಯ ದೋಣಿ. ಒಂದೇ ತೆರನ ಕಂಬ, ಒಂದೇ ತೆರನ ಹಾಯಿ. ಬೇರೆಯಾಗಿದ್ದದ್ದು ಮೇಲಿನ ಹಾಸು. ಒಂದಕ್ಕೆ ಸಾಗವಾನಿ ಹಲಗೆ ಹಾಸಿ, ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿ ತುರುಕಿ ಡಾಂಬರು ಹೊಯ್ದಿದ್ದರು. ಬಿಸಿಲುಮಳೆ ತಿಂದು ಹಲಗೆ ಬೂದಿಬಣ್ಣಕ್ಕೆ ತಿರುಗಿತ್ತು. ಇನ್ನೊಂದಕ್ಕೆ ಹಗುರ ಕಟ್ಟಿಗೆಯ ತೆಳ್ಳನೆಯ ಹಲಗೆ. ಅದರ ಮೇಲೆ ಕಿತ್ತಾನು ಬಟ್ಟೆ ಬಿಗಿದು, ಬಿಳಿಯ ಬಣ್ಣ ಬಳಿದಿದ್ದರು. ನೋಡಲಿಕ್ಕೆ ಬಿಳಿಯದೇ ಚೆಂದ.

ಹನಮಪ್ಪ ಎರಡರ ಮೇಲೂ ಓಡಾಡಿದ. ಬಗ್ಗಿ ತಳ ನೋಡಿದ. ಪಕ್ಕಕ್ಕೆ ನೀರು ಎಲ್ಲಿಯವರೆಗೆ ಏರುತ್ತದೆಂದು ಕೈಯಿಟ್ಟು ನೋಡಿದ. ಕಡೆಗೆ ಬಂದು, "ಧಣ್ಯಾರ, ನನ್ನ ಕೇಳಿದ್ರ ಬಿಳೀದು ತಗೋರಿ" ಎಂದ.

"ಯಾಕ?"

"ಸಾಗವಾನಿ ಭಾಳ ವಜ್ಜಿ. ಅಷ್ಟೂ ವಜ್ಜಿ ಮ್ಯಾಲೇ ಕುಂತೈತಿ. ದೋಣಿ ನೀರಾಗ ಆಳ ಇಳೀತೈತಿ. ನಮ್ಮ ಹೊಳಿ ಎಂಥಾದ್ದು ನಿಮಗ ಗೊತ್ತೈತಲ್ರಿ? ನೀರಿನ ಕೆಳಗ ಎಲ್ಲಿ ಬಂಡಿಗಲ್ಲು ಅದಾವಂತ ಹೇಳಾಕಾಗೂದಿಲ್ಲ. ಹಗುರಾದ್ದು ಕಲ್ಲಿನ ಮ್ಯಾಲ ತೇಲಿಕೊಂಡು ಹೋಗ್ತೈತಿ. ಇದು ಹೋಗಿ ತಾಕತೈತಿ."

ನೂರಸಾಬ ತಲೆಯಾಡಿಸಿದ. "ಬರೋಬರಿ ಹೇಳ್ಯಾನ. ಇನ್ನೊಂದು ಹೇಳ್ತೀನಿ. ಚೈತ್ರದಾಗ ಸಾಗವಾನಿ ಮ್ಯಾಲ ಬರಿಗಾಲಿಲೆ ನಿಂದ್ರಾಕಾಗೂದಿಲ್ಲ, ಹಂಚು ಕಾದಂಗ ಕಾಯ್ತೈತಿ. ವರ್ಷಾ ವರ್ಷಾ ಸಂದಿಗೆ ಡಾಂಬರು ತುಂಬಬೇಕು, ಇಲ್ಲಂದ್ರ ಸೋರ್ತೈತಿ. ಬಿಳೀದಕ್ಕ ಆ ಕಿರಿಕಿರಿ ಇಲ್ಲ."

"ಹಂಗಾದ್ರ ಸಾಗವಾನಿ ಯಾಕ ಹಾಕ್ತಾರ?" ಎಂದು ಅಮರಪ್ಪ ಕೇಳಿದ.

"ಅದಕ್ಕೂ ಕಾರಣ ಐತ್ರಿ. ಆ ಕಟ್ಟಿಗ್ಯಾಗ ಎಣ್ಣಿ ಐತಿ. ಕೊಳಿಯೂದಿಲ್ಲ, ಗೆದ್ದಲು ಮುಟ್ಟೂದಿಲ್ಲ. ಬಿಳೀದರ ಬಟ್ಟಿ ಎಲ್ಲೆರ ಒಂದು ಕಡೆ ಹರಿದ್ರ, ಒಳಗಿನ ಹಲಗಿ ಕೊಳತದ್ದು ಕಣ್ಣಿಗೆ ಕಾಣೂದಿಲ್ಲ. ಒಂದಿನ ಕಾಲು ಒಳಗ ಹೋದಾಗೇ ಗೊತ್ತಾಗೂದು. ಮತ್ತ ತೊಯ್ದಾಗ ನೋಡ್ರಿ." ಅವನು ಒಂದು ಕೊಡ ನೀರು ಎತ್ತಿ ಬಿಳಿಯ ದೋಣಿಯ ಮೇಲೆ ಸುರಿದ. ಇನ್ನೊಂದು ಕೊಡ ಸಾಗವಾನಿಯ ಮೇಲೆ ಸುರಿದ. "ಅಡ್ಡಾಡಿ ನೋಡ್ರಿ."

ಅಮರಪ್ಪ ನೋಡಿದ. ಬಿಳಿಯದರ ಮೇಲೆ ಅವನ ಕಾಲು ಜಾರಿತು. ಹನಮಪ್ಪ ರಟ್ಟೆ ಹಿಡಿಯದಿದ್ದರೆ ಬೀಳುತ್ತಿದ್ದ. ಸಾಗವಾನಿ ತೊಯ್ದಷ್ಟೂ ಪಾದ ಹಿಡಿಯಿತು. ಆದರೂ ಅವನ ಮನಸ್ಸು ಹೊಯ್ದಾಡಿತು. ಬಂಡೆಗೆ ತಾಕಿ ದೋಣಿಯೇ ಒಡೆದರೆ ಪಾದ ಹಿಡಿದು ಏನು ಫಲ? ಬೆಲೆಯಲ್ಲೂ ಸಾಗವಾನಿಯದು ಹೆಚ್ಚು. ಅವನು ದಂಡೆಯ ಮೇಲೆ ಕೂತು ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ.

ಆಗ ವಿರೂಪಾಕ್ಷಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಿಳಿಯ ದೋಣಿ ಹತ್ತಿದಳು. ಯಾರ ಮುಖವನ್ನೂ ನೋಡದೆ, ಆ ತೊಯ್ದ ಹಾಸಿನ ಮೇಲೆ ಅಂಗಾತ ಮಲಗಿದಳು.

ಪರಗಂಡಸರೆದುರು ಬಯಲಲ್ಲಿ ಹೆಣ್ಣುಮಗಳೊಬ್ಬಳು ಹಾಗೆ ಮಲಗಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನೂರಸಾಬ ತಟ್ಟನೆ ಬೆನ್ನು ತಿರುಗಿಸಿ ನಿಂತ. ಅಮರಪ್ಪ, "ಏನಿದು, ಏಳು" ಎಂದ.

"ಹನಮಪ್ಪ, ದೋಣಿ ಅಳ್ಳಾಡಸು" ಎಂದಳು ಅವಳು.

"ಅವ್ವಾರ..."

"ಅಳ್ಳಾಡಸು ಅಂದೆ. ಅವತ್ತ ಹೆಂಗ ಅಳ್ಳಾಡತಿತ್ತೋ ಹಂಗ."

ಹನಮಪ್ಪ ಅಂಚು ಹಿಡಿದು ತೂಗಿದ. ವಿರೂಪಾಕ್ಷಮ್ಮನ ಮೈ ಜಾರಿ ಒಂದು ಅಂಚಿಗೆ ಬಂತು, ಮತ್ತೆ ಇನ್ನೊಂದು ಅಂಚಿಗೆ ಹೋಯಿತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವಳು ಎದ್ದು, ತೊಯ್ದ ಸೀರೆಯಲ್ಲೇ ಸಾಗವಾನಿಯ ದೋಣಿಗೆ ಹೋಗಿ ಮಲಗಿದಳು. ಹನಮಪ್ಪ ಅದನ್ನೂ ತೂಗಿದ. ದೋಣಿ ಓಲಾಡಿತು, ಅವಳು ಮಾತ್ರ ಮಲಗಿದಲ್ಲೇ ಇದ್ದಳು. ಕಣ್ಣು ಮುಚ್ಚಿದ್ದಳು. ಎರಡೂ ಕಾಲು ನೀಟಾಗಿ ಚಾಚಿದ್ದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಮುಚ್ಚಿದ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಕಡೆ ಹೋಗುವುದನ್ನು ಅಮರಪ್ಪ ಕಂಡ.

ಕಡೆಗೆ ಎದ್ದು ಕೂತು, "ಇದನ್ನ ತಗೋರಿ" ಎಂದಳು.

ಅಮರಪ್ಪ ಹಣ ಎಣಿಸಿ ಕೊಟ್ಟ. ಹಂಪಿಯ ಬಂಡೆಗಳ ನಡುವಿನ ಸೆಳವಿನಲ್ಲಿ ದೋಣಿ ಇಳಿಸುವುದು ಆಗದ ಮಾತು. ಬಲವಾದ ಎತ್ತುಗಳನ್ನು ಹೂಡಿ, ಎರಡು ಬಂಡಿ ಜೋಡಿಸಿ, ದೋಣಿಯನ್ನು ಅದರ ಮೇಲೆ ಹೇರಿ ನೆಲದ ದಾರಿಯಲ್ಲೇ ಆನೆಗೊಂದಿಗೆ ತಂದರು. ಸಾಗವಾನಿಯ ತೂಕಕ್ಕೆ ದಾರಿಯಲ್ಲಿ ಒಂದು ಅಚ್ಚು ಮುರಿಯಿತು. ಹನಮಪ್ಪ, "ಹೇಳಿದ್ನಿಲ್ರಿ?" ಎನ್ನಬಹುದಿತ್ತು. ಅನ್ನಲಿಲ್ಲ.

ಬೇಸಗೆಯಲ್ಲಿ ಹನಮಪ್ಪ ಹಾಯಿ ಕಲಿತ. ನೀರು ಇಳಿದಾಗ ದೋಣಿ ಮರಳಿಗೆ ಕೂತು ನಗೆಪಾಟಲಾಯಿತು. ಬಿಸಿಲಿಗೆ ಹಲಗೆ ಕಾದು, ಹತ್ತಿದವರು ಕುಣಿದು ಇಳಿದರು. ಆದರೆ ಆಷಾಢದ ಪಡುಗಾಳಿ ಬೀಸತೊಡಗಿದಾಗ ಆಟ ಬದಲಾಯಿತು. ಹೊಳೆಗೆ ಅಡ್ಡಲಾಗಿ ಹೋಗುವ ದೋಣಿಗೆ ಆ ಗಾಳಿ ಪಕ್ಕದಿಂದ ಸಿಕ್ಕುತ್ತಿತ್ತು. ಹಾಯಿ ಉಬ್ಬಿಸಿಕೊಂಡು, ಸೆಳವಿಗೆ ಎದುರಾಡುತ್ತ, ಅದು ಘಟ್ಟದಿಂದ ಘಟ್ಟಕ್ಕೆ ನೇರ ಮುಟ್ಟುತ್ತಿತ್ತು. ಅಮರಪ್ಪ ದಿನಾ ಘಟ್ಟಕ್ಕೆ ಬಂದು ನೋಡುತ್ತಿದ್ದ. ಒಮ್ಮೊಮ್ಮೆ ತಾನೂ ಹತ್ತುತ್ತಿದ್ದ. ಅಂಜಿಕೆ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಶ್ರಾವಣದಲ್ಲಿ ಹೊಳೆ ಮತ್ತೆ ದಂಡೆ ಮೀರಿತು. ಒಂದು ಮುಂಜಾನೆ ಹನಮಪ್ಪನೇ ಅಮರಪ್ಪನ ಬಾಗಿಲಿಗೆ ಓಡಿ ಬಂದ. ಅವನ ಸೊಸೆ ಭೀಮಕ್ಕನಿಗೆ ಹೆರಿಗೆ ಬೇನೆ. ಮಗ ಕೂಲಿಗೆಂದು ಗಂಗಾವತಿಗೆ ಹೋದವನು ಬಂದಿರಲಿಲ್ಲ. ಇಲ್ಲೂ ಕೂಸು ಅಡ್ಡ ಮಲಗಿದೆಯೆಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಹನಮಪ್ಪ, "ಧಣ್ಯಾರ... ದೋಣಿ..." ಎಂದಷ್ಟೇ ಅಂದ.

ಅಮರಪ್ಪ ಅಂಗಿ ಕೂಡ ತೊಡದೆ ಹೊರಟ. ವಿರೂಪಾಕ್ಷಮ್ಮ ಒಳಗೆ ಹೋಗಿ ಕೌದಿ ತಂದಳು.

ಭೀಮಕ್ಕನನ್ನು ಸಾಗವಾನಿ ಹಾಸಿನ ಮೇಲೆ ಮಲಗಿಸಿದರು. ವಿರೂಪಾಕ್ಷಮ್ಮ ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡಳು. ಹನಮಪ್ಪ ಚುಕ್ಕಾಣಿ ಹಿಡಿದ. ಹಾಯಿಯ ಹಗ್ಗ ಅಮರಪ್ಪನ ಕೈಗೆ ಬಂತು. ಮಳೆ ಹನಿ ಮುಖಕ್ಕೆ ಹೊಡೆಯುತ್ತಿತ್ತು. ಹಾಸಿನ ಮೇಲೆ ನೀರು ಹರಿದು ಅಂಚಿನಿಂದ ಇಳಿದು ಹೋಗುತ್ತಿತ್ತು. ಭೀಮಕ್ಕ ಕಾಲು ಚಾಚಿ, ಬೇನೆ ಬಂದಾಗ ಹಿಮ್ಮಡಿಯನ್ನು ಹಲಗೆಗೆ ಒತ್ತಿ, ಹಲ್ಲು ಕಚ್ಚಿ ಮಲಗಿದ್ದಳು. ಜಾರಲಿಲ್ಲ.

ಹೊಳೆಯ ನಡುವೆ ಕೆಳಗಿನಿಂದ ಒಂದು ಹೊಡೆತ ಬಿತ್ತು. ದೋಣಿ ಇಡಿಯಾಗಿ ನಡುಗಿತು. ಹನಮಪ್ಪ ಹೇಳಿದ್ದ ಬಂಡೆ ಸಿಕ್ಕಿತ್ತು. ತಳದ ಹಲಗೆ ಸೀಳಿ ಒಳಗೆ ನೀರು ನುಗ್ಗುವ ಸದ್ದು ಕೇಳಿಸಿತು.

"ಹಾಯಿ ಬಿಡಬ್ಯಾಡ್ರಿ ಧಣ್ಯಾರ! ಏನಾದ್ರೂ ಬಿಡಬ್ಯಾಡ್ರಿ!"

ಅಮರಪ್ಪ ಬಿಡಲಿಲ್ಲ. ಹಗ್ಗ ಅಂಗೈ ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತ, ಆಚೆ ಘಟ್ಟದ ಮೆಟ್ಟಿಲಿಗೆ ಬಂದು ಒರಗಿತು. ಹಾಸಿನ ಮೇಲೆ ಮಲಗಿದವಳಿಗೆ ಕೆಳಗಿನ ನೀರು ಮುಟ್ಟಿರಲಿಲ್ಲ. ದಂಡೆಯ ಮಂದಿ ಬಂದು ಅವಳನ್ನು ಬಂಡಿಗೆ ಏರಿಸಿದರು. ವಿರೂಪಾಕ್ಷಮ್ಮ ಜೊತೆಗೆ ಹೋದಳು.

ಮಧ್ಯಾಹ್ನ ಸರಿದ ಮೇಲೆ ಹೊಸಪೇಟೆಯಿಂದ ಬಂದ ಬಂಡಿಯವನು ಹೇಳಿದ: ಗಂಡುಮಗು. ತಾಯಿ ಛಲೋ ಅದಾಳ.

ಹನಮಪ್ಪ ಘಟ್ಟದ ಕಲ್ಲಿನ ಮೇಲೆ ಬೋರಲು ಬಿದ್ದು ಅತ್ತ. ಆಮೇಲೆ ಎದ್ದು ಅಮರಪ್ಪನ ಕಾಲು ಹಿಡಿಯಲು ಬಗ್ಗಿದ. ಅಮರಪ್ಪ ಕಾಲು ಹಿಂದೆಳೆದುಕೊಂಡ. ಬೇರೊಬ್ಬರ ಹರಗೋಲು ಹತ್ತಿ ಊರಿಗೆ ಮರಳಿದ.

ವಿರೂಪಾಕ್ಷಮ್ಮ ಬಾಣಂತಿಯ ಬಳಿ ಕೆಲವು ದಿನ ಇದ್ದು, ಅವಳನ್ನೂ ಕೂಸನ್ನೂ ಕರೆದುಕೊಂಡು ಬಂದಳು. ಮನೆಯ ಬಾಗಿಲು ಹಾಕಿತ್ತು. ಒಲೆ ಹೊತ್ತಿಸಿದ ಗುರುತಿರಲಿಲ್ಲ. ಅವಳು ಬಾಳೆ ತೋಟಕ್ಕೆ ಹೋದಳು. ಅಮರಪ್ಪ ಅಲ್ಲಿ ಬದುವಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅಂಗೈಯ ಗಾಯಕ್ಕೆ ಅರಿವೆ ಕೂಡ ಕಟ್ಟಿರಲಿಲ್ಲ.

"ಊಟ ಮಾಡಿಲ್ಲೇನ್ರಿ?"

ಅವನು ಅವಳ ಮುಖ ನೋಡಿದ. "ನಮ್ಮ ಶಿವಬಸವ್ವ ಉಳೀತಿದ್ಲಲ್ಲ" ಎಂದ.

ಆ ಹೆಸರು ಕೇಳಿ ವಿರೂಪಾಕ್ಷಮ್ಮ ಬದುವಿನ ಮೇಲೆ ಅವನ ಪಕ್ಕ ಕೂತಳು.

"ಇಷ್ಟು ದಿನ ನಾನು ಏನಂತ ತಿಳಕೊಂಡಿದ್ದೆ ಗೊತ್ತೈತೇನು? ಅದು ಅಕಿ ಹಣೇಬರ. ಏನು ಮಾಡಿದ್ರೂ ಉಳೀತಿರಲಿಲ್ಲ. ದೋಣಿ ತಂದದ್ದು ಸುಮ್ಮ ನನ್ನ ಮನಸಿನ ಸಮಾಧಾನಕ್ಕ. ಹಂಗ ಅಂದುಕೊಂಡಿದ್ದೆ. ಈಗ ನೋಡು. ಅದೇ ಹೊಳಿ, ಅದೇ ಶ್ರಾವಣ, ಅದೇ ಬ್ಯಾನಿ. ಭೀಮಕ್ಕ ಉಳದ್ಲು." ಅವನು ಕೊಯ್ದ ಅಂಗೈಯನ್ನು ಬಿಚ್ಚಿ ನೋಡಿಕೊಂಡ. "ಅಂದ್ರ ಅಕೀನೂ ಉಳೀತಿದ್ಲು. ಹೌದಲ್ಲೇನು?"

ಬೇರೆ ಹೆಂಗಸಾಗಿದ್ದರೆ, ಅದು ಶಿವನ ಇಚ್ಛೆ, ನಮ್ಮ ಕೈಲಿ ಏನಿದೆ ಎಂದು ಸಂತೈಸುತ್ತಿದ್ದಳೇನೋ. ವಿರೂಪಾಕ್ಷಮ್ಮನ ಬಾಯಲ್ಲಿ ಸುಳ್ಳು ಬರಲಿಲ್ಲ.

"ಹೌದ್ರಿ. ಉಳೀತಿದ್ಲು" ಎಂದಳು. "ಡಾಕ್ಟರಮ್ಮ ನನಗ ಹೇಳಿದ್ಲು. ಇಂಥಾ ಅಡ್ಡ ಮಲಗಿದ ಕೂಸು ಎಷ್ಟೋ ತೆಗದೇನಿ ಅಂತ. ಅದನ್ನ ಕೇಳಿ ನಾನೂ ಆ ದವಾಖಾನಿ ಹಿತ್ತಲದಾಗ ನಿಂತು ಅತ್ತೇನಿ. ನನಗೂ ಖುಷಿ ಆಗೇತಂತ ಭೀಮಕ್ಕ ತಿಳೀಲಿ ಅಂತ ನಕ್ಕೋತ ಒಳಗ ಬಂದೆ."

ಅಮರಪ್ಪ ದೊಡ್ಡ ದನಿ ತೆಗೆದು ಅತ್ತ. ಮಗಳನ್ನು ಮಣ್ಣು ಮಾಡಿದ ದಿನ ಕೂಡ ಅವನು ಹಾಗೆ ಅತ್ತಿರಲಿಲ್ಲ. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಬಗ್ಗಿದವರು ತಲೆಯೆತ್ತಿ ನೋಡಿ, ಮತ್ತೆ ಬಗ್ಗಿದರು. ಸಂಜೆಯಾಗುವವರೆಗೂ ಇಬ್ಬರೂ ಅಲ್ಲೇ ಕೂತು ಮಗಳ ಮಾತು ಆಡಿದರು. ಅವಳಿಗೆ ಹುಳಿ ಎಷ್ಟು ಸೇರುತ್ತಿತ್ತು, ಸಣ್ಣವಳಿದ್ದಾಗ ಬಾಳೆಯ ನಾರಿನಲ್ಲಿ ಜಡೆ ಹೆಣೆದು ಕರುವಿನ ಕೊರಳಿಗೆ ಕಟ್ಟುತ್ತಿದ್ದದ್ದು, ಗಂಡನ ಮನೆಗೆ ಹೋಗುವಾಗ ಬಂಡಿಯಲ್ಲಿ ಹಿಂದೆ ತಿರುಗಿ ಕೂತದ್ದು. ಒಂದು ವರ್ಷದಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಆಡಿದರು. ದುಃಖ ಕಡಿಮೆಯಾಗಲಿಲ್ಲ. ಆದರೆ ಅದನ್ನು ಒಬ್ಬೊಬ್ಬರೇ ಹೊರುವುದು ಅವತ್ತಿಗೆ ತಪ್ಪಿತು.

ಹನಮಪ್ಪ ತಳಕ್ಕೆ ಹೊಸ ಹಲಗೆ ಹಾಕಿಸಿ ದೋಣಿ ನಡೆಸಿದ. ಅಮರಪ್ಪ ಮತ್ತೆ ಅದನ್ನು ಹತ್ತಲಿಲ್ಲ. ಬೇನೆಯವರು, ಬಸುರಿಯರು, ಹಾವು ಕಚ್ಚಿದವರು ಅದರಲ್ಲಿ ಮಲಗಿ ಆಚೆ ಹೋದರು. ಕೆಲವರು ಬದುಕಿ ಬಂದರು, ಕೆಲವರು ಬರಲಿಲ್ಲ.

ಭೀಮಕ್ಕನ ಮಗನಿಗೆ ತೊಟ್ಟಿಲು ಕಟ್ಟಿದ ದಿನ ವಿರೂಪಾಕ್ಷಮ್ಮ ಕುಬುಸದ ಬಟ್ಟೆ, ಕೊಬ್ಬರಿ ತೆಗೆದುಕೊಂಡು ಹೊರಟಳು. "ನೀವು ಬರಬೇಕಂತೇನಿಲ್ರಿ" ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದ. ಆದರೆ ಅಂಬಿಗರ ಓಣಿಯ ಬೇವಿನ ಗಿಡದ ಹತ್ತಿರ ಬಂದವನಿಗೆ ಮುಂದೆ ಕಾಲು ಏಳಲಿಲ್ಲ. ಒಳಗಿನಿಂದ ಹೆಂಗಸರ ಹಾಡು, ನಡುವೆ ಕೂಸಿನ ಅಳು ಕೇಳುತ್ತಿತ್ತು.

ಹನಮಪ್ಪ ಅವನನ್ನು ಕಂಡು ಹೊರಗೆ ಬಂದ. ಒಳಗೆ ಬನ್ನಿ ಎಂದು ಕರೆಯಲಿಲ್ಲ. ಒಂದು ಕಂಬಳಿ ತಂದು ಗಿಡದ ಬುಡಕ್ಕೆ ಹಾಸಿ, ಸ್ವಲ್ಪ ದೂರದಲ್ಲಿ ತಾನೂ ಕೂತ.

"ಧಣ್ಯಾರ" ಎಂದ ಹನಮಪ್ಪ, "ಅವತ್ತ ನಿಮ್ಮ ಮಗಳನ್ನ ದಾಟಿಸಾಕ ನನ್ನ ಕೈಲೆ ಆಗಲಿಲ್ಲ. ಇವತ್ತ ನನ್ನ ಮನ್ಯಾಗ ತೊಟ್ಟಿಲು ತೂಗತೈತಿ. ನಿಮ್ಮ ಮುಖಾ ನೋಡಾಕ ನನಗ ನಾಚಿಕಿ ಆಗತೈತಿ."

"ನೀನೂ ಅವತ್ತ ಕೈಲಾದಷ್ಟು ಹುಟ್ಟು ಹಾಕಿದ್ದಿ. ನಾ ನೋಡೇನಿ" ಎಂದ ಅಮರಪ್ಪ.

ಒಳಗೆ ಅಳು ನಿಂತಿತು. ಅಮರಪ್ಪ ಕಿವಿಗೊಟ್ಟು ಕೇಳಿದ.

"ಮಲಗಿತೇನು?"

"ಹಾಲು ಕುಡ್ಯಾಕ ಹತ್ತಿರಬೇಕ್ರಿ."

"ಛಲೋ ಕುಡೀತೈತೇನು?"

"ಛಲೋ ಕುಡೀತೈತ್ರಿ."

"ಕುಡೀಲಿ" ಎಂದು ಅಮರಪ್ಪ ಕಂಬಳಿಯಿಂದ ಎದ್ದ. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, ಹೆಂಡತಿ ಬರುವವರೆಗೂ ಬೇವಿನ ಗಿಡಕ್ಕೆ ಒರಗಿ ನಿಂತ.